ಹಿತ್ತಲಲ್ಲಿ ಜುಕಿನಿ ರಾಶಿ ಬಿದ್ದಾಗ: ತಳದಲ್ಲಿ ನೀರು ನಿಲ್ಲದ ಕ್ಯಾಸರೋಲ್

ನಮ್ಮ ಮನೆಗಳಲ್ಲಿ ಕ್ಯಾಸರೋಲ್ ಅಂದರೆ ಚಪಾತಿ ಬಿಸಿಯಾಗಿಡುವ ಡಬ್ಬಿ. ಅಮೆರಿಕದಲ್ಲಿ ಅದೇ ಹೆಸರು ಒಂದು ಅಡುಗೆಗೆ. ಅಗಲ ಪಾತ್ರೆಯೊಂದಕ್ಕೆ ತರಕಾರಿ, ಸಾಸ್, ಚೀಸ್ ಎಲ್ಲ ಸೇರಿಸಿ ಓವನ್‌ಗೆ ತಳ್ಳಿ, ಬೆಂದ ಮೇಲೆ ಅದೇ ಪಾತ್ರೆಯನ್ನು ಮೇಜಿಗೆ ತಂದಿಡುತ್ತಾರೆ. ಅಲ್ಲಿನ ಹಿತ್ತಲುಗಳಲ್ಲಿ ಬೇಸಿಗೆಯ ಜುಕಿನಿ ಖರ್ಚಾಗುವುದು ಬಹುಪಾಲು ಹೀಗೆಯೇ. ಮೇ ತಿಂಗಳಲ್ಲಿ ಆಸೆಯಿಂದ ಮೂರು ಗಿಡ ನೆಟ್ಟವರು ಆಗಸ್ಟ್ ಹೊತ್ತಿಗೆ ಚೀಲ ಹಿಡಿದು ಪಕ್ಕದ ಮನೆಯ ಬಾಗಿಲು ಬಡಿಯುತ್ತಿರುತ್ತಾರೆ. ನೆರೆಯವರ ಜಗಲಿಯ ಮೇಲೆ ಗುಟ್ಟಾಗಿ ಜುಕಿನಿ ಇಟ್ಟು ಬರಲೆಂದೇ ಆಗಸ್ಟ್ 8ನ್ನು ತಮಾಷೆಯ 'ದಿನಾಚರಣೆ' ಮಾಡಿಕೊಂಡಿದ್ದಾರೆ ಅಂದರೆ ಈ ಕಾಯಿಯ ಹಾವಳಿ ಎಷ್ಟೆಂದು ಊಹಿಸಿಕೊಳ್ಳಿ. ನಾಲ್ಕು ಜನರ ಮನೆಗೆ ಒಂದೇ ಗಿಡ ಸಾಕು. ಆದರೆ ಈ ಮಾತು ಯಾರಿಗೂ ನೆಡುವಾಗ ನೆನಪಾಗುವುದಿಲ್ಲ.

ಕುಂಬಳದ ಜಾತಿಗೇ ಸೇರಿದ ಈ ಕಾಯಿಯಲ್ಲಿ ಸುಮಾರು ನೂರಕ್ಕೆ 95 ಪಾಲು ನೀರು. ಕ್ಯಾಸರೋಲ್ ಕೆಡುವುದಕ್ಕೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಇದೇ. ಮೇಲೆ ಚಿನ್ನದ ಬಣ್ಣದ ಪದರ ಚೆನ್ನಾಗಿ ಕಾಣುತ್ತದೆ, ಸೌಟು ಇಳಿಸಿದರೆ ತಳದಲ್ಲಿ ತೆಳ್ಳನೆಯ ಹಸಿರು ನೀರು. ಹೆಚ್ಚು ಚೀಸ್ ಸುರಿದರೂ ಹೆಚ್ಚು ಹೊತ್ತು ಬೇಯಿಸಿದರೂ ಅದು ಸರಿಹೋಗುವುದಿಲ್ಲ. ನೀರನ್ನು ಓವನ್‌ಗೆ ಹೋಗುವ ಮೊದಲೇ ತೆಗೆಯಬೇಕು, ಇಲ್ಲವೇ ಅದನ್ನು ಕುಡಿಯುವ ಇನ್ನೊಂದು ಪದಾರ್ಥವನ್ನು ಜೊತೆಗೆ ಹಾಕಬೇಕು. ಕೆಳಗೆ ಕೊಟ್ಟಿರುವ ಮೂರು ಬಗೆಗಳಲ್ಲಿ ಮೊದಲನೆಯದು ನೀರು ತೆಗೆಯುವ ದಾರಿ. ಉಳಿದೆರಡು ಅದನ್ನು ಕುಡಿಸುವ ದಾರಿ.

ಅಳತೆಗಳ ಬಗ್ಗೆ ಒಂದು ಮಾತು. ಇಲ್ಲಿ ಕಪ್ ಅಂದರೆ 240 ಮಿಲಿಲೀಟರ್‌ನ ಅಮೆರಿಕನ್ ಕಪ್, ದೊಡ್ಡ ಚಮಚ 15 ಮಿಲಿ, ಚಿಕ್ಕ ಚಮಚ 5 ಮಿಲಿ. ಜುಕಿನಿಯನ್ನು ಮಾತ್ರ ಎಣಿಸಬೇಡಿ, ತೂಗಿ. 'ಮೂರು ಜುಕಿನಿ' ಅಂದರೆ ಅರ್ಧ ಕಿಲೋನೂ ಆಗಬಹುದು, ನಾಲ್ಕು ಕಿಲೋನೂ ಆಗಬಹುದು.

ಯಾವ ಕಾಯಿ ಯಾವುದಕ್ಕೆ

15ರಿಂದ 20 ಸೆಂಟಿಮೀಟರ್ ಉದ್ದದ, ಉಗುರು ಒತ್ತಿದರೆ ಸಿಪ್ಪೆ ಸುಲಭವಾಗಿ ಸೀಳುವ ಕಾಯಿ ಬಿಲ್ಲೆಗೆ ಹೇಳಿ ಮಾಡಿಸಿದ್ದು. ಒಂದೊಂದು 200ರಿಂದ 250 ಗ್ರಾಂ ತೂಗುತ್ತದೆ. ಸಿಪ್ಪೆ ತೆಗೆಯಬೇಡಿ. ಬೇಯುವಾಗ ಬಿಲ್ಲೆಯ ಆಕಾರ ಹಿಡಿದಿಡುವುದೇ ಸಿಪ್ಪೆ.

ಎರಡು ದಿನ ಹಿತ್ತಲ ಕಡೆ ತಿರುಗಿ ನೋಡದಿದ್ದರೆ ಎಲೆಯಡಿಯಲ್ಲಿ ಗದೆಯೊಂದು ಸಿಗುತ್ತದೆ. 30 ಸೆಂಟಿಮೀಟರ್ ದಾಟಿದ ಕಾಯಿಯ ಸಿಪ್ಪೆ ಬಲಿತಿರುತ್ತದೆ, ನಡುವಿನ ತಿರುಳು ಸ್ಪಂಜಿನಂತೆ, ಬೀಜ ಗಟ್ಟಿ. ಅದನ್ನು ಉದ್ದಕ್ಕೆ ಸೀಳಿ, ಚಮಚದಿಂದ ಬೀಜ ಮತ್ತು ಸ್ಪಂಜನ್ನು ಕೆರೆದು ತೆಗೆದು, ಸಿಪ್ಪೆ ಹೆರೆದು, ಉಳಿದ ಗಟ್ಟಿ ಭಾಗವನ್ನು ತುರಿಯಿರಿ. ಬಿಲ್ಲೆ ಮಾಡಲು ಹೋಗಬೇಡಿ. ಕೆರೆದು ಹೆರೆದ ಮೇಲೆ ತೂಕ ಸಾಕಷ್ಟು ಇಳಿಯುತ್ತದೆ, ಹಾಗಾಗಿ ಪಾಕದಲ್ಲಿ ಹೇಳಿದ ತೂಕವನ್ನು ಈ ಕೆಲಸವಾದ ಮೇಲೆ ನೋಡಿಕೊಳ್ಳಿ.

ಹೆಚ್ಚುವ ಮೊದಲು ಪ್ರತಿ ಕಾಯಿಯ ತುದಿಯಿಂದ ಒಂದು ಚೂರು ಕತ್ತರಿಸಿ ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಉಗಿದು, ಕಾಯಿಯನ್ನು ಗೊಬ್ಬರದ ಗುಂಡಿಗೆ ಹಾಕಿ. ಕಹಿ ಸೋರೆಕಾಯಿ ತಿನ್ನಬಾರದೆಂಬ ಹಿರಿಯರ ಎಚ್ಚರಿಕೆಗೆ ಇರುವ ಕಾರಣವೇ ಇಲ್ಲೂ ಇದೆ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು, ಬೇಯಿಸಿದರೂ ಹೋಗುವುದಿಲ್ಲ, ವಾಂತಿಭೇದಿ ತರುತ್ತದೆ. ಹಿಂದಿನ ವರ್ಷದ ಕಾಯಿಯ ಬೀಜ ಎತ್ತಿಟ್ಟು ಬಿತ್ತಿದ, ಅಥವಾ ಗೊಬ್ಬರದ ರಾಶಿಯಲ್ಲಿ ತಾನಾಗಿ ಹುಟ್ಟಿದ ಗಿಡಗಳಲ್ಲಿ ಈ ಅಪಾಯ ಹೆಚ್ಚು. ಅಲಂಕಾರದ ಬುರುಡೆಕಾಯಿಗಳೊಂದಿಗೆ ಪರಾಗ ಬೆರೆತಿದ್ದರೆ ಮುಂದಿನ ಪೀಳಿಗೆ ಕಹಿಯಾಗುತ್ತದೆ.

ನೀರು ತೆಗೆಯುವುದು

ಎರಡು ದಾರಿಗಳಿವೆ, ಉಪ್ಪು ಮತ್ತು ಬೆಂಕಿ.

ಉಪ್ಪಿನ ದಾರಿಗೆ ಜುಕಿನಿಯ ತೂಕದ ನೂರಕ್ಕೆ ಒಂದು ಪಾಲು ಉಪ್ಪು ಲೆಕ್ಕ. ಒಂದೂವರೆ ಕಿಲೋಗೆ 15 ಗ್ರಾಂ. ಇದನ್ನೂ ತೂಗುವುದೇ ಒಳ್ಳೆಯದು, ಯಾಕೆಂದರೆ ಅಮೆರಿಕದ ಕೋಷರ್ ಉಪ್ಪು ಹಗುರ ಹರಳು. ಒಂದೇ ಚಮಚದಲ್ಲಿ ಪುಡಿ ಉಪ್ಪು ಹಿಡಿಸುವ ತೂಕಕ್ಕೂ ಕೋಷರ್ ಉಪ್ಪು ಹಿಡಿಸುವ ತೂಕಕ್ಕೂ ಕೆಲವು ಬ್ರಾಂಡುಗಳಲ್ಲಿ ಸುಮಾರು ಎರಡು ಪಟ್ಟು ವ್ಯತ್ಯಾಸ. ಕೋಷರ್‌ಗೆ ಬರೆದ ಚಮಚದ ಲೆಕ್ಕದಲ್ಲಿ ಪುಡಿ ಉಪ್ಪು ಹಾಕಿದರೆ ಊಟ ಕೆಟ್ಟಿತೆಂದೇ ತಿಳಿಯಿರಿ.

ಬಿಲ್ಲೆಗಳನ್ನು 6 ಮಿಲಿಮೀಟರ್ ದಪ್ಪಕ್ಕೆ ಹೆಚ್ಚಿ, ಉಪ್ಪು ಬೆರೆಸಿ, ತೂತಿನ ಬುಟ್ಟಿಯಲ್ಲಿ ಹಾಕಿ, ಕೆಳಗೆ ಪಾತ್ರೆಯಿಟ್ಟು 40 ನಿಮಿಷ ಬಿಡಿ. ಹತ್ತು ನಿಮಿಷಕ್ಕೆ ಬಿಲ್ಲೆಯ ಮೇಲೆ ಬೆವರಿನಂತೆ ಸಣ್ಣ ಹನಿಗಳು ಮೂಡುತ್ತವೆ, ಇಪ್ಪತ್ತಕ್ಕೆ ಹನಿಗಳು ಕೂಡಿ ತೊಟ್ಟಿಕ್ಕಲು ಶುರು. ಸಾಕಾಯಿತೇ ಎಂದು ತಿಳಿಯಲು ಗಡಿಯಾರಕ್ಕಿಂತ ಬಿಲ್ಲೆಯೇ ನಂಬಿಕಸ್ಥ. ಒಂದನ್ನು ಎತ್ತಿ ಎರಡು ಬೆರಳ ನಡುವೆ ಬಗ್ಗಿಸಿ ನೋಡಿ. ಹಸಿ ಬಿಲ್ಲೆಯಾದರೆ ಪಟ್ಟೆಂದು ಮುರಿಯುತ್ತದೆ, ನೀರು ಬಿಟ್ಟ ಬಿಲ್ಲೆ ಮುರಿಯದೆ ಅಂಚಿಗೆ ಅಂಚು ಮುಟ್ಟುವಷ್ಟು ಬಾಗುತ್ತದೆ. ಆಮೇಲೆ ಒಣ ಬಟ್ಟೆಯ ಮೇಲೆ ಹರಡಿ ಒತ್ತಿ ಒರೆಸಿ. ಶೇಕಡಾ ಒಂದರ ಲೆಕ್ಕ ಮೀರದಿದ್ದರೆ ತೊಳೆಯುವ ಅಗತ್ಯವಿಲ್ಲ. ಉಪ್ಪಿನ ಒಂದಷ್ಟು ಪಾಲು ನೀರಿನೊಂದಿಗೇ ಇಳಿದಿರುತ್ತದೆ, ಉಳಿದದ್ದು ಅಡುಗೆಗೆ ಬೇಕಾದದ್ದೇ.

ತುರಿಗೆ ಹದಿನೈದು ನಿಮಿಷ ಸಾಕು, ಆದರೆ ಹಿಂಡಲೇಬೇಕು. ಒಮ್ಮೆಗೆ ಎರಡು ಹಿಡಿ ತುರಿಯನ್ನು ತೆಳು ಪಂಚೆ ಬಟ್ಟೆಯಲ್ಲಿ ಕಟ್ಟಿ, ಪನೀರು ಹಿಂಡುವಂತೆ ತಿರುಚಿ. ಒಂದು ಕಿಲೋ ತುರಿಯಿಂದ ಒಂದು ಕಪ್‌ಗೂ ಮೀರಿ ನೀರು ಬರುತ್ತದೆ. ಅದನ್ನು ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸಲು, ಸಾರಿಗೆ ಬಳಸಿ. ಉಪ್ಪು ಈಗಾಗಲೇ ಅದರಲ್ಲಿದೆ ಎಂಬುದು ನೆನಪಿರಲಿ.

ಬೆಂಕಿಯ ದಾರಿ ಇನ್ನೂ ರುಚಿ, ಆದರೆ ಅಡುಗೆಮನೆ ಕಾಯುತ್ತದೆ. ಓವನ್ನನ್ನು 425 ಡಿಗ್ರಿ ಫ್ಯಾರನ್‌ಹೀಟ್ (220 ಸೆಲ್ಸಿಯಸ್) ಕಾಯಿಸಿ, ಬಿಲ್ಲೆಗಳಿಗೆ ಎಣ್ಣೆ ಸವರಿ ಎರಡು ಅಗಲ ತಟ್ಟೆಗಳಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ 15ರಿಂದ 18 ನಿಮಿಷ ಹುರಿಯಿರಿ. ಅಂಚು ಕಂದಾಗಿ ಬಿಲ್ಲೆ ಸುಕ್ಕುಗಟ್ಟಬೇಕು. ಒಂದೇ ತಟ್ಟೆಗೆ ಎಲ್ಲ ತುರುಕಿದರೆ ಹುರಿಯುವುದಿಲ್ಲ, ತನ್ನದೇ ಹಬೆಯಲ್ಲಿ ಬೇಯುತ್ತದೆ. ಅಷ್ಟು ಕಷ್ಟಪಟ್ಟೂ ನೀರು ಅಲ್ಲೇ ಉಳಿಯುತ್ತದೆ. ಜುಲೈನ ಸೆಖೆಯಲ್ಲಿ ಉಪ್ಪು, ಸೆಪ್ಟೆಂಬರ್‌ನ ತಂಪು ಸಂಜೆಗೆ ಬೆಂಕಿ ಎಂದಿಟ್ಟುಕೊಂಡರೆ ಚೆಂದ.

ಪಾತ್ರೆ

ಅಮೆರಿಕದ ಪಾಕಗಳಲ್ಲಿ ಬರುವ 9ಕ್ಕೆ 13 ಇಂಚಿನ ಪಾತ್ರೆ ಸುಮಾರು 3 ಲೀಟರ್ ಹಿಡಿಯುತ್ತದೆ. 8 ಇಂಚಿನ ಚೌಕ ಪಾತ್ರೆ 2 ಲೀಟರ್. ಭಾರತದ ಓಟಿಜಿಗಳಲ್ಲಿ (ಮೇಜಿನ ಮೇಲಿಡುವ ಸಣ್ಣ ಕರೆಂಟ್ ಓವನ್) ದೊಡ್ಡದು ಹಿಡಿಸುವುದು ಕಷ್ಟ, ಅಂಥಲ್ಲಿ ಅರ್ಧ ಪಾಕವನ್ನು 8 ಇಂಚಿನದರಲ್ಲಿ ಮಾಡಿ, ಕೆಳಗಿನ ಹಂತದಲ್ಲಿಡಿ. ಮೇಲಿನ ಕಂಬಿ ತೀರಾ ಹತ್ತಿರವಿರುವುದರಿಂದ ಒಳಗೆ ಬೇಯುವ ಮೊದಲೇ ಮೇಲ್ಭಾಗ ಕಪ್ಪಾಗುತ್ತದೆ. ಗಾಜಿನ ಪಾತ್ರೆಯನ್ನು ಫ್ರಿಜ್‌ನಿಂದ ತೆಗೆದು ನೇರ ಬಿಸಿ ಓವನ್‌ಗೆ ಇಡಬೇಡಿ, ಬಿಸಿ ಪಾತ್ರೆಯನ್ನು ಒದ್ದೆ ಕಲ್ಲಿನ ಮೇಲೆ ಇಳಿಸಬೇಡಿ, ಓವನ್‌ನ ಮೇಲಿನಿಂದ ನೇರ ಕಾವು ಕೊಡುವ ಬ್ರಾಯ್ಲರ್ ಕೆಳಗೆ ತೋರಿಸಲೇಬೇಡಿ. ಒಡೆಯುತ್ತದೆ.

ಮೊದಲನೆಯದು: ಬಿಳಿ ಸಾಸ್, ಚೆಡ್ಡರ್, ಬ್ರೆಡ್ ಪುಡಿ

ಇದು ಅಮೆರಿಕನ್ ಮನೆಗಳ ಸಾಮಾನ್ಯ ರೂಪ. 9ಕ್ಕೆ 13 ಇಂಚಿನ ಪಾತ್ರೆಗೆ, ಎಂಟು ಜನಕ್ಕೆ ಬೇಕಾದದ್ದು:

ಜುಕಿನಿ ಒಂದೂವರೆ ಕಿಲೋ, ಅದಕ್ಕೆ ಉಪ್ಪು 15 ಗ್ರಾಂ
ಈರುಳ್ಳಿ ದೊಡ್ಡವು 2, ಬೆಳ್ಳುಳ್ಳಿ 4 ಎಸಳು, ಹಸಿಮೆಣಸಿನಕಾಯಿ 2
ಬೆಣ್ಣೆ 3 ದೊಡ್ಡ ಚಮಚ (42 ಗ್ರಾಂ), ಮೈದಾ 4 ದೊಡ್ಡ ಚಮಚ, ಹಾಲು ಒಂದೂವರೆ ಕಪ್
ಗಡುಸು ರುಚಿಯ ಚೆಡ್ಡರ್ ಚೀಸ್ 200 ಗ್ರಾಂ, ತುರಿದದ್ದು
ಸಾಸಿವೆ ಪುಡಿ ಅರ್ಧ ಚಿಕ್ಕ ಚಮಚ, ಕಾಳುಮೆಣಸಿನ ಪುಡಿ ಅರ್ಧ ಚಿಕ್ಕ ಚಮಚ, ಜಾಯಿಕಾಯಿ ಚಿಟಿಕೆ
ಒರಟು ಬ್ರೆಡ್ ಪುಡಿ 1 ಕಪ್, ಕರಗಿಸಿದ ಬೆಣ್ಣೆ 2 ದೊಡ್ಡ ಚಮಚ
ಹುರಿಯಲು ಎಣ್ಣೆ

1. ಜುಕಿನಿಯನ್ನು ಮೇಲೆ ಹೇಳಿದಂತೆ ಉಪ್ಪಿನಲ್ಲಿಟ್ಟು ಒರೆಸಿಕೊಳ್ಳಿ. ಓವನ್ 375 ಡಿಗ್ರಿ ಫ್ಯಾರನ್‌ಹೀಟ್‌ಗೆ (190 ಸೆಲ್ಸಿಯಸ್) ಕಾಯಲಿ.

2. ಅಗಲ ಬಾಣಲೆಯಲ್ಲಿ ಜೋರು ಉರಿಯ ಮೇಲೆ ಬಿಲ್ಲೆಗಳನ್ನು ಮೂರು ಕಂತಿನಲ್ಲಿ, ಕಂತಿಗೆ ಮೂರು ನಿಮಿಷದಂತೆ ಬಾಡಿಸಿ. ಇದು ಉಳಿದ ನೀರಿಗೆ. ಬಾಣಲೆಯಿಂದ ಸುಂಯ್ ಎಂಬ ಸದ್ದು ಬರುತ್ತಿರಬೇಕು. ಸದ್ದು ಅಡಗಿ ಗುಳುಗುಳು ಎಂದರೆ ಒಮ್ಮೆಗೆ ಜಾಸ್ತಿ ಹಾಕಿದ್ದೀರಿ. ಬೆಂಕಿಯ ದಾರಿ ಹಿಡಿದವರಿಗೆ ಈ ಹಂತ ಬೇಡ.

3. ಅದೇ ಬಾಣಲೆಯಲ್ಲಿ ಈರುಳ್ಳಿಯನ್ನು ಹೊಂಬಣ್ಣಕ್ಕೆ ತಿರುಗುವವರೆಗೆ ಹುರಿದು, ಕೊನೆಯ ಒಂದು ನಿಮಿಷ ಬೆಳ್ಳುಳ್ಳಿ, ಮೆಣಸಿನಕಾಯಿ ಸೇರಿಸಿ. ಹಸಿ ಈರುಳ್ಳಿಯನ್ನು ನೇರವಾಗಿ ಕ್ಯಾಸರೋಲ್‌ಗೆ ಹಾಕಬೇಡಿ. ಅದೂ ನೀರು ಬಿಡುತ್ತದೆ, ಅರ್ಧ ಬೆಂದು ಕರಕರ ಎನ್ನುತ್ತದೆ.

4. ಸಾಸ್. ದಪ್ಪ ತಳದ ಪಾತ್ರೆಯಲ್ಲಿ ಬೆಣ್ಣೆ ಕರಗಿಸಿ, ನೊರೆ ಅಡಗಿದ ಮೇಲೆ ಮೈದಾ ಹಾಕಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಕೈಯಾಡಿಸಿ. ಹಸಿಹಿಟ್ಟಿನ ವಾಸನೆ ಹೋಗಿ ಬಿಸ್ಕತ್ತಿನ ಘಮ ಬಂದಾಗ ಬೆಚ್ಚಗಿನ ಹಾಲನ್ನು ಮೂರು ಕಂತಿನಲ್ಲಿ ಸುರಿಯಿರಿ. ಮೊದಲ ಕಂತಿಗೆ ಅದು ಗಟ್ಟಿ ಮುದ್ದೆಯಾಗುತ್ತದೆ, ಗಾಬರಿ ಬೇಡ. ಆ ಮುದ್ದೆ ನುಣುಪಾದ ಮೇಲೆಯೇ ಎರಡನೆಯ ಕಂತು. ಎಲ್ಲ ಹಾಲು ಸೇರಿದ ಮೇಲೆ ಕುದಿ ಬರಿಸಿ ಎರಡು ಮೂರು ನಿಮಿಷ ತಿರುವಿ. ಚಮಚದ ಬೆನ್ನಿಗೆ ಹತ್ತಿದ ಸಾಸ್‌ನ ಮೇಲೆ ಬೆರಳಿಂದ ಗೆರೆ ಎಳೆದರೆ ಗೆರೆ ಮುಚ್ಚಿಕೊಳ್ಳಬಾರದು. ಪಾಸ್ತಾಕ್ಕೆ ಮಾಡುವ ಬಿಳಿ ಸಾಸ್‌ಗಿಂತ ಇದು ಬೇಕೆಂದೇ ಗಟ್ಟಿ. ಜುಕಿನಿ ಇನ್ನೂ ಸ್ವಲ್ಪ ನೀರು ಬಿಟ್ಟೇ ಬಿಡುತ್ತದೆ, ಆಗ ಅದು ಹದಕ್ಕೆ ಬರುತ್ತದೆ.

5. ಒಲೆಯಿಂದ ಇಳಿಸಿ, ಒಂದು ನಿಮಿಷ ಆರಲು ಬಿಟ್ಟು, ಚೀಸ್‌ನ ಮುಕ್ಕಾಲು ಪಾಲು, ಸಾಸಿವೆ, ಮೆಣಸು, ಜಾಯಿಕಾಯಿ ಬೆರೆಸಿ. ಉರಿಯ ಮೇಲಿರುವಾಗಲೇ ಚೀಸ್ ಹಾಕಿದರೆ ಅದು ಗಂಟುಕಟ್ಟಿ ಎಣ್ಣೆ ಬಿಡುತ್ತದೆ. ತುರಿದು ಪೊಟ್ಟಣದಲ್ಲಿ ಬರುವ ಚೀಸ್‌ಗೆ ಅಂಟದಿರಲೆಂದು ಪಿಷ್ಟದ ಪುಡಿ ಸವರಿರುತ್ತಾರೆ, ಅದು ಅಷ್ಟು ನುಣ್ಣಗೆ ಕರಗುವುದಿಲ್ಲ. ಇಡೀ ತುಂಡು ತಂದು ತುರಿದುಕೊಳ್ಳಿ. ಉಪ್ಪನ್ನು ಈಗ ಹಾಕಬೇಡಿ. ಜುಕಿನಿಯಲ್ಲಿ ಇದೆ, ಚೀಸ್‌ನಲ್ಲಿ ಇದೆ. ಎಲ್ಲ ಬೆರೆಸಿ ರುಚಿ ನೋಡಿದ ಮೇಲೆ ಬೇಕೆನಿಸಿದರೆ ಮಾತ್ರ.

6. ಜುಕಿನಿ, ಈರುಳ್ಳಿ, ಸಾಸ್ ಬೆರೆಸಿ ಬೆಣ್ಣೆ ಸವರಿದ ಪಾತ್ರೆಗೆ ಹರಡಿ. ಮುಚ್ಚದೆ 20 ನಿಮಿಷ ಬೇಯಿಸಿ. ಮುಚ್ಚಿದರೆ ಹಬೆ ಮುಚ್ಚಳಕ್ಕೆ ತಾಗಿ ಮತ್ತೆ ಒಳಗೇ ಸುರಿಯುತ್ತದೆ.

7. ಹೊರತೆಗೆದು, ಬೆಣ್ಣೆಯಲ್ಲಿ ಕಲಸಿದ ಬ್ರೆಡ್ ಪುಡಿ ಮತ್ತು ಉಳಿದ ಚೀಸ್ ಉದುರಿಸಿ, ಮತ್ತೆ 15 ನಿಮಿಷ. ಬಹಳಷ್ಟು ಪಾಕಗಳು ಪುಡಿಯನ್ನು ಮೊದಲೇ ಹಾಕಲು ಹೇಳುತ್ತವೆ. ಹಾಗೆ ಮಾಡಿದರೆ ಮೇಲೇಳುವ ಹಬೆಯನ್ನೆಲ್ಲ ಪುಡಿ ಹೀರಿ ಕೆಳಪದರ ಅಂಟಂಟಾಗುತ್ತದೆ. ಬಣ್ಣ ಬಂದು, ಅಂಚಿನಲ್ಲಿ ಮಾತ್ರವಲ್ಲದೆ ನಡುವೆಯೂ ಗುಳ್ಳೆ ಏಳುತ್ತಿದ್ದರೆ ಆಯಿತು.

8. ಬಡಿಸುವ ಮೊದಲು 15 ನಿಮಿಷ ಸುಮ್ಮನೆ ಬಿಡಿ. ಸಾಸ್ ಆರುತ್ತಾ ಗಟ್ಟಿಯಾಗುತ್ತದೆ. ಬಿಸಿಬಿಸಿಯಾಗಿಯೇ ಸೌಟು ಹಾಕಿದರೆ ಚೆನ್ನಾಗಿ ಮಾಡಿದ ಕ್ಯಾಸರೋಲ್ ಕೂಡ ಸಾರಿನಂತೆ ಹರಡುತ್ತದೆ.

ಸಾಸ್ ಮಾಡುವ ಗೋಜು ಬೇಡವೆಂದು ಅಮೆರಿಕನ್ನರು ಡಬ್ಬಿಯ ಅಣಬೆ ಸೂಪ್ ಸುರಿಯುತ್ತಾರೆ. ಕ್ಯಾಂಪ್‌ಬೆಲ್ ಕಂಪನಿ ಅದನ್ನು 1934ರಲ್ಲಿ ಮಾರುಕಟ್ಟೆಗೆ ತಂದ ಮೇಲೆ ಕ್ಯಾಸರೋಲ್‌ನ ಚಹರೆಯೇ ಬದಲಾಯಿತು. ಕೆಲಸ ಬೇಗ ಆಗುತ್ತದೆ ನಿಜ, ಆದರೆ ರುಚಿ ಎಲ್ಲರ ಮನೆಯಲ್ಲೂ ಒಂದೇ, ಉಪ್ಪೂ ವಿಪರೀತ. ಹಾಕುವುದಾದರೆ ನೀರು ಬೆರೆಸದೆ ಹಾಗೆಯೇ ಹಾಕಿ, ಜುಕಿನಿಗೆ ಹಾಕುವ ಉಪ್ಪನ್ನು ಅರ್ಧಕ್ಕೆ ಇಳಿಸಿ.

ಸಸ್ಯಾಹಾರಿಗಳು ಡಬ್ಬಿ, ಪೊಟ್ಟಣಗಳ ಹಿಂಬದಿ ಓದಲೇಬೇಕು. ಜುಕಿನಿ ಕ್ಯಾಸರೋಲ್‌ನ ಜನಪ್ರಿಯ ಪಾಕಗಳಲ್ಲಿ ಬರುವ ಸ್ಟಫಿಂಗ್ ಮಿಕ್ಸ್‌ಗಳಲ್ಲಿ (ಮಸಾಲೆ ಬೆರೆಸಿದ ಒಣ ಬ್ರೆಡ್ ತುಂಡುಗಳ ಪೊಟ್ಟಣ) ಕೋಳಿ ಸಾರಿನ ಅಂಶ ಇರುವುದು ಮಾಮೂಲು. ಇಟಲಿಯ ಅಸಲಿ ಪಾರ್ಮಿಜಾನೊ ರೆಜಾನೊ ಚೀಸ್‌ಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ, ಅದಕ್ಕೆ ಬದಲಿ ಬಳಸಲು ಅಲ್ಲಿನ ನಿಯಮ ಒಪ್ಪುವುದಿಲ್ಲ. ಚೆಡ್ಡರ್ ಕೊಳ್ಳುವಾಗ ಮೈಕ್ರೋಬಿಯಲ್ ಅಥವಾ ವೆಜಿಟೇರಿಯನ್ ರೆನೆಟ್ ಎಂದು ಬರೆದದ್ದನ್ನು ಆರಿಸಿ.

ಮೊಟ್ಟೆ ತಿನ್ನುವವರು ಸಾಸ್‌ಗೆ ಎರಡು ಮೊಟ್ಟೆ ಕಡೆದು ಹಾಕಿದರೆ ತುಂಡು ತುಂಡಾಗಿ ಕತ್ತರಿಸಿ ಬಡಿಸಬಹುದು. ಆದರೆ ಓವನ್ ಶಾಖ 350 ಫ್ಯಾರನ್‌ಹೀಟ್‌ಗೆ (175 ಸೆಲ್ಸಿಯಸ್) ಇಳಿಸಿ, ನಡುವಿನ ಉಷ್ಣತೆ 160 ಫ್ಯಾರನ್‌ಹೀಟ್ (71 ಸೆಲ್ಸಿಯಸ್) ದಾಟಿದ ಕೂಡಲೇ ತೆಗೆಯಿರಿ. ಹೆಚ್ಚು ಕಾಯ್ದ ಮೊಟ್ಟೆ ಒಡೆದ ಮೊಸರಿನಂತೆ ಬಿಗಿದುಕೊಂಡು ತನ್ನೊಳಗಿನ ನೀರನ್ನೂ ಹೊರಗೆ ಹಾಕುತ್ತದೆ. ನೀರಿನ ಮೇಲೆ ನೀರು.

ಎರಡನೆಯದು: ನೀರು ಕುಡಿಯುವ ಅಕ್ಕಿ

ಫ್ರಾನ್ಸಿನ ದಕ್ಷಿಣ ಭಾಗ ಪ್ರೊವಾನ್ಸ್‌ನಲ್ಲಿ ತಿಯಾನ್ ಎಂಬ ಮಣ್ಣಿನ ಪಾತ್ರೆಯಿದೆ. ಅದರಲ್ಲಿ ಬೇಯಿಸಿದ ಅಡುಗೆಗೂ ಅದೇ ಹೆಸರು. ಅಲ್ಲಿನವರು ಜುಕಿನಿಯಿಂದ ಹಿಂಡಿದ ನೀರನ್ನು ಚೆಲ್ಲದೆ ಅಕ್ಕಿಗೆ ಕುಡಿಸುತ್ತಾರೆ. ಅನ್ನ ತಿನ್ನುವ ನಮ್ಮ ನಾಲಿಗೆಗೆ ಮೂರರಲ್ಲಿ ಇದೇ ಹೆಚ್ಚು ಹತ್ತಿರ. ಬಲಿತ ಗದೆಗಳು ಖರ್ಚಾಗುವುದೂ ಇದರಲ್ಲೇ.

2 ಲೀಟರ್ ಪಾತ್ರೆಗೆ ಒಂದು ಕಿಲೋ ಜುಕಿನಿ ತುರಿದು, 10 ಗ್ರಾಂ ಉಪ್ಪು ಬೆರೆಸಿ, ಹದಿನೈದು ನಿಮಿಷದ ನಂತರ ಹಿಂಡಿ, ನೀರನ್ನು ಎತ್ತಿಡಿ. ಅರ್ಧ ಕಪ್ (100 ಗ್ರಾಂ) ಸೋನಾ ಮಸೂರಿ ಅಕ್ಕಿಯನ್ನು ಕುದಿಯುವ ನೀರಿಗೆ ಹಾಕಿ ನಾಲ್ಕೇ ನಿಮಿಷ ಬೇಯಿಸಿ ಬಸಿಯಿರಿ. ಅಗುಳನ್ನು ಹಿಸುಕಿದರೆ ನಡುವೆ ಬಿಳಿ ಚುಕ್ಕೆ ಗಟ್ಟಿಯಾಗಿ ಉಳಿದಿರಬೇಕು. ಪೂರ್ತಿ ಬೆಂದ ಅನ್ನ ಹಾಕಿದರೆ ಅದು ಮತ್ತೆ ನೀರು ಕುಡಿಯುವುದಿಲ್ಲ, ಬರೀ ಮುದ್ದೆಯಾಗುತ್ತದೆ. ಬಾಸ್ಮತಿ ಬೇಡ. ಅದರ ಘಮ ಜುಕಿನಿಯ ಮೆಲು ರುಚಿಯನ್ನು ನುಂಗಿಹಾಕುತ್ತದೆ.

ಸಣ್ಣಗೆ ಹೆಚ್ಚಿದ ಎರಡು ಈರುಳ್ಳಿಯನ್ನು 3 ದೊಡ್ಡ ಚಮಚ ಆಲಿವ್ ಎಣ್ಣೆಯಲ್ಲಿ ಹತ್ತು ನಿಮಿಷ ಮೆತ್ತಗೆ ಬಾಡಿಸಿ. ಹಿಂಡಿದ ತುರಿ, ಜಜ್ಜಿದ ಮೂರು ಎಸಳು ಬೆಳ್ಳುಳ್ಳಿ ಹಾಕಿ ಆರು ನಿಮಿಷ ಹುರಿಯಿರಿ. 2 ದೊಡ್ಡ ಚಮಚ ಮೈದಾ ಉದುರಿಸಿ ಎರಡು ನಿಮಿಷ ಕೈಯಾಡಿಸಿ. ಎತ್ತಿಟ್ಟ ನೀರಿಗೆ ಹಾಲು ಸೇರಿಸಿ ಒಟ್ಟು ಎರಡೂವರೆ ಕಪ್ ಮಾಡಿಕೊಂಡು ನಿಧಾನಕ್ಕೆ ಸುರಿದು, ಕುದಿ ಹತ್ತಿದಾಗ ಅಕ್ಕಿ ಮತ್ತು 60 ಗ್ರಾಂ ತುರಿದ ಚೀಸ್ ಬೆರೆಸಿ ಇಳಿಸಿ. ಕಾಳುಮೆಣಸು ಧಾರಾಳವಾಗಿ ಹಾಕಿ. ಉಪ್ಪು ನೋಡಿ, ಸಾಮಾನ್ಯವಾಗಿ ಬೇಕಾಗುವುದಿಲ್ಲ. ಈ ಹಂತದಲ್ಲಿ ಇದು ತೆಳ್ಳಗೆ, ಗಂಜಿಯಂತೆ ಕಾಣುತ್ತದೆ. ಹಾಗೆಯೇ ಇರಬೇಕು. ಗಟ್ಟಿಯಾಗಲೆಂದು ಇಲ್ಲೇ ಕುದಿಸುತ್ತಾ ನಿಂತರೆ ಓವನ್‌ನಲ್ಲಿ ಅಕ್ಕಿಗೆ ಕುಡಿಯಲು ಏನೂ ಉಳಿಯದೆ ಒಣಗಿ ಹೋಗುತ್ತದೆ.

ಎಣ್ಣೆ ಸವರಿದ ಪಾತ್ರೆಗೆ ಸುರಿದು, ಮೇಲೆ 30 ಗ್ರಾಂ ಚೀಸ್, ಒಂದು ಚಮಚ ಎಣ್ಣೆ ಹಾಕಿ 425 ಫ್ಯಾರನ್‌ಹೀಟ್‌ನಲ್ಲಿ 25ರಿಂದ 30 ನಿಮಿಷ ಇಡಿ. ಪಾತ್ರೆಯನ್ನು ಸ್ವಲ್ಪ ಓರೆ ಮಾಡಿದಾಗ ಅಂಚಿನಲ್ಲಿ ದ್ರವ ಹರಿಯದಿದ್ದರೆ ಅಕ್ಕಿ ಕುಡಿದು ಮುಗಿಸಿದೆ ಎಂದರ್ಥ. ಪಕ್ಕದಲ್ಲಿ ಮಾವಿನ ಮಿಡಿ ಉಪ್ಪಿನಕಾಯಿ ಇಟ್ಟುಕೊಂಡರೆ ಪ್ರೊವಾನ್ಸ್‌ನವರು ಆಕ್ಷೇಪಿಸಲಾರರು.

ಮೂರನೆಯದು: ರವೆ, ಮೊಸರು, ಒಗ್ಗರಣೆ

ಸೌತೆಕಾಯಿ ಕಡುಬು ಮಾಡಿ ಗೊತ್ತಿದ್ದವರಿಗೆ ಇದರ ಗುಟ್ಟು ಆಗಲೇ ಗೊತ್ತು. ಕರಾವಳಿ, ಮಲೆನಾಡಿನ ಕಡೆ ಸೌತೆಕಾಯಿ ತುರಿಗೆ ಅಕ್ಕಿ ತರಿ ಬೆರೆಸುವಾಗ ನೀರು ಹಾಕುವುದಿಲ್ಲ, ಕಾಯಿಯ ನೀರಿನಲ್ಲೇ ಹಿಟ್ಟು ನೆನೆಯುತ್ತದೆ. ಜುಕಿನಿಗೂ ಅದೇ ಲೆಕ್ಕ. ಇಲ್ಲಿ ತುರಿಯನ್ನು ಹಿಂಡುವುದೇ ಇಲ್ಲ. ಚೀಸ್ ಇಲ್ಲ, ಮೊಟ್ಟೆಯೂ ಇಲ್ಲ.

600 ಗ್ರಾಂ ಜುಕಿನಿ ತುರಿಗೆ ಒಂದೂವರೆ ಚಿಕ್ಕ ಚಮಚ ಉಪ್ಪು ಬೆರೆಸಿ ಹತ್ತು ನಿಮಿಷ ಬಿಡಿ. ತುರಿ ತನ್ನ ನೀರಿನಲ್ಲಿ ತಾನೇ ಕುಳಿತ ಮೇಲೆ ಹುರಿದ ಉಪ್ಪಿಟ್ಟಿನ ರವೆ 1 ಕಪ್, ಕಡಲೆಹಿಟ್ಟು ಅರ್ಧ ಕಪ್, ಗಟ್ಟಿ ಮೊಸರು ಅರ್ಧ ಕಪ್, ಶುಂಠಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಬೆರೆಸಿ. ಮೂರು ದೊಡ್ಡ ಚಮಚ ಎಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಕರಿಬೇವು, ಇಂಗು ಒಗ್ಗರಣೆ ಮಾಡಿ ಅರ್ಧವನ್ನು ಹಿಟ್ಟಿಗೆ ಹಾಕಿ, ಅರ್ಧ ಉಳಿಸಿಕೊಳ್ಳಿ. 20 ನಿಮಿಷ ನೆನೆಯಲಿ. ಚಮಚದಲ್ಲಿ ಎತ್ತಿ ಓರೆ ಮಾಡಿದರೆ ಹಿಟ್ಟು ಹರಿಯದೆ ದಪ್ಪಗೆ ಜಾರಿ ಬೀಳಬೇಕು. ಹರಿದರೆ ಎರಡು ಚಮಚ ರವೆ ಸೇರಿಸಿ ಮತ್ತೆ ಹತ್ತು ನಿಮಿಷ ಕಾಯಿರಿ. ರವೆ ನೀರು ಕುಡಿಯಲು ಹೊತ್ತು ತೆಗೆದುಕೊಳ್ಳುತ್ತದೆ, ಆತುರಕ್ಕೆ ಇನ್ನಷ್ಟು ರವೆ ಸುರಿದವರು ಕೊನೆಗೆ ಇಟ್ಟಿಗೆ ತಿನ್ನುತ್ತಾರೆ.

ಓವನ್ 375 ಫ್ಯಾರನ್‌ಹೀಟ್ ಮುಟ್ಟಿದ ಮೇಲೆಯೇ 1 ಚಿಕ್ಕ ಚಮಚ ಈನೋ ಬೆರೆಸಿ, ನಾಲ್ಕು ಸುತ್ತು ತಿರುವಿ, ಎಣ್ಣೆ ಸವರಿದ 8 ಇಂಚಿನ ಪಾತ್ರೆಗೆ ಹಾಕಿ. ಈನೋ ಹಾಕಿಟ್ಟು ಓವನ್ ಕಾಯಲಿ ಎಂದು ಕೂತರೆ ಗಾಳಿಯೆಲ್ಲ ಹೋಗಿರುತ್ತದೆ. ಉಳಿದ ಒಗ್ಗರಣೆ, ಒಂದು ಚಮಚ ಬಿಳಿ ಎಳ್ಳು ಮೇಲೆ ಹರಡಿ 40ರಿಂದ 45 ನಿಮಿಷ ಬೇಯಿಸಿ. ನಡುವೆ ಚುಚ್ಚಿದ ಚಾಕು ಹಿಟ್ಟು ಅಂಟದೆ ಬರಬೇಕು, ಅಂಚು ಪಾತ್ರೆ ಬಿಟ್ಟಿರಬೇಕು. ಅರ್ಧ ಗಂಟೆ ಆರಿದ ಮೇಲೆ ಕತ್ತರಿಸಿ. ಮರುದಿನ ತುಂಡುಗಳನ್ನು ಕಾವಲಿಯ ಮೇಲೆ ಎರಡೂ ಬದಿ ಕೆಂಪಗೆ ಕಾಯಿಸಿದರೆ ಮೊದಲ ದಿನಕ್ಕಿಂತ ಚೆನ್ನ.

ಕೆಟ್ಟರೆ ಎಲ್ಲಿ ಕೆಟ್ಟಿತು

ತಳದಲ್ಲಿ ನೀರು ನಿಂತಿದ್ದರೆ ಬಡಿಸುವ ಮೊದಲು ಪಾತ್ರೆಯನ್ನು ಒಂದು ಮೂಲೆಗೆ ಓರೆ ಮಾಡಿ ಚಮಚದಿಂದ ಬಗ್ಗಿಸಿ ತೆಗೆಯಿರಿ, ಹತ್ತು ನಿಮಿಷ ಮುಚ್ಚದೆ ಮತ್ತೆ ಓವನ್‌ನಲ್ಲಿಡಿ. ಕಾರ್ನ್‌ಫ್ಲೋರ್ (ಮೆಕ್ಕೆಜೋಳದ ಪಿಷ್ಟ) ಕದಡಿ ಮೇಲೆ ಸುರಿಯುವುದು ಬೇಡ, ಅದು ಅಲ್ಲಲ್ಲಿ ಅಂಟಿನ ಗಂಟಾಗುತ್ತದೆ.

ಬಿಲ್ಲೆಗಳು ಗುರುತು ಸಿಗದಂತೆ ಕರಗಿದ್ದರೆ 6 ಮಿಲಿಮೀಟರ್‌ಗಿಂತ ತೆಳ್ಳಗೆ ಹೆಚ್ಚಿದ್ದೀರಿ, ಇಲ್ಲವೇ ಕಾಯಿ ಬಲಿತಿತ್ತು. ಸಾಸ್ ಮರಳು ಮರಳಾಗಿದ್ದರೆ ಚೀಸ್ ಹಾಕಿದಾಗ ಅದು ಕುದಿಯುತ್ತಿತ್ತು. ರುಚಿ ಸಪ್ಪೆ ಎನಿಸಿದರೆ ಉಪ್ಪಿಗೆ ಕೈ ಹಾಕುವ ಮೊದಲು ಅರ್ಧ ನಿಂಬೆ ಹಣ್ಣು ಹಿಂಡಿ ನೋಡಿ. ಜುಕಿನಿಗೆ ಸ್ವಂತ ಹುಳಿಯೇ ಇಲ್ಲ, ಚೀಸ್, ಬೆಣ್ಣೆಗಳ ಜಿಡ್ಡಿನ ನಡುವೆ ಕೊರತೆ ಹೆಚ್ಚಾಗಿ ಅದರದ್ದೇ.

ಎತ್ತಿಡುವುದು

ಕಿತ್ತ ಕಾಯಿಯನ್ನು ತೊಳೆಯದೆ, ತೂತಿನ ಚೀಲದಲ್ಲಿ, ಫ್ರಿಜ್‌ನ ತೀರಾ ತಣ್ಣಗಿರದ ಭಾಗದಲ್ಲಿಟ್ಟರೆ ನಾಲ್ಕೈದು ದಿನ ಗಟ್ಟಿಯಾಗಿರುತ್ತದೆ. ಬೆಂದ ಕ್ಯಾಸರೋಲ್ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು, ಮೂರು ನಾಲ್ಕು ದಿನದಲ್ಲಿ ಮುಗಿಯಬೇಕು. ಮತ್ತೆ ಕಾಯಿಸುವಾಗ ನಡುವೆ 165 ಫ್ಯಾರನ್‌ಹೀಟ್ (74 ಸೆಲ್ಸಿಯಸ್) ಬರುವವರೆಗೆ ಕಾಯಿಸಿ. ಮೈಕ್ರೋವೇವ್‌ನಲ್ಲಿ ಬ್ರೆಡ್ ಪುಡಿ ತೊಯ್ದ ಕಾಗದದಂತಾಗುತ್ತದೆ, ಓವನ್ನೇ ವಾಸಿ.

ಮೈದಾ ಸಾಸ್‌ನ ಕ್ಯಾಸರೋಲನ್ನು ಫ್ರೀಜ್ ಮಾಡಬೇಡಿ. ಕರಗಿದಾಗ ಸಾಸ್ ಒಡೆದು ನೀರು ಬೇರೆ, ಹಿಟ್ಟು ಬೇರೆ ಆಗುತ್ತದೆ. ಅದರ ಬದಲು ತುರಿಯನ್ನೇ ಫ್ರೀಜ್ ಮಾಡಿ. ಉಪ್ಪು ಹಾಕದ ತುರಿಯನ್ನು ತೆಳು ಪದರವಾಗಿ ಹಬೆಯಲ್ಲಿ ಒಂದೆರಡು ನಿಮಿಷ, ಪಾರದರ್ಶಕವಾಗುವವರೆಗೆ ಬೇಯಿಸಿ, ತಣ್ಣಗಾದ ಮೇಲೆ ಚೀಲಕ್ಕೆ ತುಂಬಿ, ಗಾಳಿ ಒತ್ತಿ ತೆಗೆದು, ಪುಸ್ತಕದಂತೆ ಚಪ್ಪಟೆ ಮಾಡಿ ಇಡಿ. ಬಾಟಲಿಯಲ್ಲಿ ಹಾಕಿ ಕ್ಯಾನಿಂಗ್ ಮಾಡುವ ಆಸೆ ಬಿಡಿ. ಹುಳಿಯಿಲ್ಲದ ಈ ತರಕಾರಿಯನ್ನು ಮನೆಯಲ್ಲಿ ಹಾಗೆ ಕೂಡಿಡಬೇಡಿ ಎಂದು ಅಮೆರಿಕದ ಕೃಷಿ ಇಲಾಖೆಯೇ ಹೇಳುತ್ತದೆ, ಬಾಟ್ಯುಲಿಸಂ ವಿಷದ ಭಯವಿದೆ. ವಿನೆಗರ್‌ನ ಉಪ್ಪಿನಕಾಯಿ ಬೇರೆ ಮಾತು.

ಚೀಲದ ಮೇಲೆ ದಿನಾಂಕದ ಜೊತೆ, ಹಬೆಗಿಡುವ ಮೊದಲಿನ ಹಸಿ ತುರಿಯ ತೂಕವನ್ನೂ ಬರೆಯಿರಿ. ಜನವರಿಯಲ್ಲಿ ಕರಗಿಸಿದಾಗ ಅದು ಅರ್ಧಕ್ಕರ್ಧ ನೀರಾಗಿ ನಿಲ್ಲುತ್ತದೆ, ಆಗ ಪಾಕಕ್ಕೆ ಎಷ್ಟು ಚೀಲ ಬೇಕೆಂದು ತಿಳಿಯಲು ಆ ತೂಕವೇ ಆಧಾರ. ಅಕ್ಕಿಯ ಕ್ಯಾಸರೋಲ್‌ಗಾದರೆ ಆ ನೀರನ್ನು ಸೋಸಿ ಹಾಲಿನೊಂದಿಗೆ ಅಳೆದುಕೊಳ್ಳಿ. ಇದರಲ್ಲಿ ಉಪ್ಪಿಲ್ಲ, 10 ಗ್ರಾಂ ಹಾಕುವುದು ಮರೆಯಬೇಡಿ.